ಕೈ ಒರೆಸುವ ಕಾಗದಕ್ಕೆ ಮದುಮಕ್ಕಳ ಹೆಸರೇಕೆ?

ಚಿತ್ರದುರ್ಗದ ಕಡೆ ಮದುವೆಗೆ ಹೆಸರು ಹಾಕಿಸುವುದು ಎಂದರೆ ಬಹುಕಾಲ ಎರಡೇ ಕೆಲಸ ಇದ್ದವು. ಗಂಡು-ಹೆಣ್ಣಿನ ಕಡೆಯವರು ಲಗ್ನಪತ್ರಿಕೆ ಅಚ್ಚು ಹಾಕಿಸುತ್ತಿದ್ದರು. ಮುಯ್ಯಿ ಮಾಡುವವರು ಪಾತ್ರೆ ಅಂಗಡಿಯಲ್ಲಿ ನಿಂತು ಕೊಳಗಕ್ಕೋ ತಟ್ಟೆಗೋ ಹೆಸರು ಕೆತ್ತಿಸುತ್ತಿದ್ದರು. ಈಗ ಆ ಪಟ್ಟಿ ಉದ್ದವಾಗಿದೆ. ಸಂತೆಪೇಟೆ, ಲಕ್ಷ್ಮೀ ಬಜಾರಿನಂಥ ಕಡೆ ಪತ್ರಿಕೆ ಮಾಡಿಸಲು ಹೋದವರ ಮುಂದೆ ನೀರಿನ ಬಾಟಲಿಯ ಲೇಬಲ್ಲು, ತಾಂಬೂಲದ ಚೀಲ, ಬಾಗಿಲಲ್ಲಿ ನಿಲ್ಲಿಸುವ ಫಲಕ, ಸಿಹಿ ಡಬ್ಬಿಯ ಸ್ಟಿಕ್ಕರು ಸಾಲಾಗಿ ಬರುತ್ತವೆ. ಆ ಸಾಲಿಗೆ ಹೊಸದಾಗಿ ಸೇರಿಕೊಳ್ಳುತ್ತಿರುವುದು ವಧೂವರರ ಹೆಸರು, ತಾರೀಖು, ಒಂದು ಜೋಡಿ ಹಕ್ಕಿಯೋ ಹೃದಯವೋ ಮುದ್ರಿಸಿದ ಟಿಶ್ಯೂ. ಬೆಂಗಳೂರಿನ ದೊಡ್ಡ ಹೋಟೆಲುಗಳ ಆರತಕ್ಷತೆಯಿಂದ ಹೊರಟ ಈ ರೂಢಿ ಹೆದ್ದಾರಿ ಹಿಡಿದು ಹಿರಿಯೂರು ದಾಟಿ ಇತ್ತ ಬರುವುದಕ್ಕೆ ಹೆಚ್ಚು ಸಮಯ ಬೇಕಿಲ್ಲ. ಬಂದಾಗ ಅದನ್ನು ಒಪ್ಪಿಕೊಳ್ಳಬೇಕೇ ಎಂಬುದು ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒರೆಸಿ ಎಸೆಯುವ ವಸ್ತುವಿಗೆ ಯಾರ ಹೆಸರೂ ಬೇಡ. ಹೆಸರು ಹಾಕಲೇಬೇಕೆಂದಿದ್ದರೆ ಮನೆಗೆ ಹೋಗಿ ಬಾಳುವ ಒಂದು ವಸ್ತುವಿಗೆ ಹಾಕಿ, ಅದೂ ಮೂಲೆಯಲ್ಲಿ ಸಣ್ಣದಾಗಿ.

ಇಂಥ ವಿಷಯ ಬಂದ ಕೂಡಲೇ ಪರಿಸರದ ಹೆಸರು ಹೇಳಿ ಗದರಿಸುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡಿದರೆ ಟಿಶ್ಯೂ ಅಷ್ಟು ದೊಡ್ಡ ಅಪರಾಧಿಯಲ್ಲ. 30 ಸೆಂಟಿಮೀಟರ್ ಉದ್ದಗಲದ, ಒಂದೇ ಪದರದ ಮಾಮೂಲಿ ಟಿಶ್ಯೂ ಒಂದೂವರೆ ಗ್ರಾಮಿನ ಆಸುಪಾಸು ತೂಗುತ್ತದೆ. 1,000 ಜನ ಉಂಡು ತಲೆಗೆ ಎರಡರಂತೆ ಬಳಸಿದರೂ ಒಟ್ಟು ಮೂರು ಕೆ.ಜಿ. ಚಿಲ್ಲರೆ. ಅದೇ ಊಟಕ್ಕೆ ತಲೆಗೊಂದರಂತೆ ಇಡುವ ಕಾಲು ಲೀಟರಿನ ನೀರಿನ ಬಾಟಲಿ ಒಂದಕ್ಕೆ ಸುಮಾರು ಹತ್ತು ಗ್ರಾಂ ಎಂದರೂ ಹತ್ತು ಕೆ.ಜಿ. ಪ್ಲಾಸ್ಟಿಕ್ ಆಯಿತು. ಎಲೆಯ ಮೇಲೆ ಬಿಟ್ಟೆದ್ದ ಅನ್ನ, ಪಲ್ಯ, ಕಚ್ಚಿಟ್ಟ ಹೋಳಿಗೆಯ ತೂಕದ ಮುಂದೆ ಇವೆರಡೂ ಲೆಕ್ಕಕ್ಕೇ ಬಾರವು. ಆದ್ದರಿಂದ ಟಿಶ್ಯೂ ನಿಲ್ಲಿಸಿದರೆ ಜೋಗಿಮಟ್ಟಿಯ ಕಾಡು ಉಳಿಯುತ್ತದೆ ಎಂಬ ಧಾಟಿಯ ಮಾತು ನನ್ನದಲ್ಲ. ನನ್ನ ಆಕ್ಷೇಪ ಇರುವುದು ಅದರ ಮೇಲಿನ ಹೆಸರಿಗೆ. ಆ ಹೆಸರಿನ ಶಾಯಿ, ಆ ಹೆಸರಿನಿಂದಾಗಿ ವಾಪಸು ಹೋಗದೆ ಉಳಿಯುವ ಕಟ್ಟುಗಳು, ಆ ಹೆಸರು ಹೋಗಿ ಬೀಳುವ ಜಾಗ, ಇವನ್ನೆಲ್ಲ ಒಂದೊಂದಾಗಿ ನೋಡಬೇಕು.

ಮೊದಲು ಊಟದ ಮನೆಯಲ್ಲಿ ಈ ಕಾಗದ ಏನು ಕೆಲಸ ಮಾಡುತ್ತದೆ ನೋಡೋಣ. ಚಾಕು-ಫೋರ್ಕಿನಲ್ಲಿ ತಿನ್ನುವವರಿಗೆ ಊಟದ ನಡುನಡುವೆ ತುಟಿ, ಬೆರಳು ಒತ್ತಿಕೊಳ್ಳಲು ತೊಡೆಯ ಮೇಲೊಂದು ಬಟ್ಟೆ ಬೇಕು. ಅಲ್ಲಿ ನ್ಯಾಪ್ಕಿನ್ ಊಟದ ಸಲಕರಣೆಯೇ ಸರಿ. ಕೈಯಲ್ಲಿ ಕಲಸಿ ಉಣ್ಣುವ ನಮಗೆ ಪಂಕ್ತಿಯಲ್ಲಿ ಕೂತಿರುವವರೆಗೂ ಅದರ ಉಪಯೋಗ ತೀರಾ ಕಡಿಮೆ. ತುಪ್ಪ ಹಾಕಿದ ಹೋಳಿಗೆ ಮುರಿದ ಬೆರಳಿಗೆ ತೆಳು ಟಿಶ್ಯೂ ತಾಗಿಸಿದರೆ ಅದು ಹರಿದು ಬೆರಳಿಗೇ ಅಂಟುತ್ತದೆ. ಆಮೇಲೆ ಅದನ್ನು ಕೀಳುವುದು ಬೇರೆ ಕೆಲಸ. ಎಲೆಯ ಪಕ್ಕ ಇಟ್ಟ ಟಿಶ್ಯೂ ಫ್ಯಾನಿನ ಗಾಳಿಗೆ ಹಾರುತ್ತದೆಂದು ಅದರ ಮೇಲೆ ಬಾಟಲಿ ಹೇರಬೇಕು. ಬಾಟಲಿ ಎತ್ತಿದ ಗಳಿಗೆ ಅದು ಪಕ್ಕದವರ ಸಾರಿನೊಳಗೆ. ನಮ್ಮ ಊಟದಲ್ಲಿ ಒರೆಸಿಕೊಳ್ಳುವ ಕೆಲಸ ಶುರುವಾಗುವುದು ಎದ್ದು ನಲ್ಲಿಯ ಹತ್ತಿರ ಕೈ ತೊಳೆದ ಮೇಲೆ. ಅಲ್ಲಿ ಒದ್ದೆ ಕೈ ಒರೆಸಿಕೊಳ್ಳಲು ಹಳಬರಿಗೆ ಹೆಗಲ ಮೇಲೆ ವಲ್ಲಿ ಇರುತ್ತಿತ್ತು, ಹೆಂಗಸರಿಗೆ ಸೆರಗಿತ್ತು. ಈಗ ಎರಡೂ ಇಲ್ಲದವರು ಹೆಚ್ಚು; ರೇಷ್ಮೆ ಸೀರೆಯ ಸೆರಗಿಗೆ ಕೈ ಒರೆಸು ಎಂದು ಯಾರಿಗೂ ಹೇಳುವಂತಿಲ್ಲ. ಆದ್ದರಿಂದ ನಲ್ಲಿಯ ಪಕ್ಕ ಒಂದು ಕಾಗದ ಬೇಕು ಎಂಬುದನ್ನು ಒಪ್ಪುತ್ತೇನೆ. ಮದುವೆಯಾದ ಮೇಲೆ ನಡೆಯುವ ಬೀಗರ ಊಟದಲ್ಲಂತೂ, ಮುದ್ದೆ ಮುರಿದು ಮಟನ್ ಸಾರಿನಲ್ಲಿ ಅದ್ದಿದ ಕೈಗೆ ಒಂದಲ್ಲ, ನಾಲ್ಕು ಬೇಕು. ಆದರೆ ಆ ಹೊತ್ತಿನಲ್ಲಿ ಕಾಗದದ ಮೇಲೆ ಏನು ಬರೆದಿದೆ ಎಂದು ಓದುತ್ತಾ ನಿಲ್ಲುವವರಿಲ್ಲ. ಹಿಂದಿನವರ ಸಾಲು ಬೆನ್ನಿಗಿರುತ್ತದೆ.

ಊಟ ಮುಗಿದ ಮೇಲೆ ಆ ಹೆಸರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಗಮನಿಸಿ. ನಮ್ಮ ಛತ್ರಗಳಲ್ಲಿ ಟೇಬಲ್ಲಿನುದ್ದಕ್ಕೂ ಪೇಪರ್ ರೋಲ್ ಹಾಸಿ ಅದರ ಮೇಲೆ ಬಾಳೆಎಲೆ ಹಾಕುತ್ತಾರೆ. ಪಂಕ್ತಿ ಎದ್ದ ತಕ್ಷಣ ಒಬ್ಬ ಹುಡುಗ ಒಂದು ತುದಿಯಿಂದ ಆ ಕಾಗದವನ್ನು ಸುತ್ತುತ್ತಾ ಬರುತ್ತಾನೆ. ಎಲೆ, ಉಳಿದ ಅನ್ನ, ಐಸ್‌ಕ್ರೀಮ್ ಕಪ್ಪು, ಅರ್ಧ ಕುಡಿದ ಬಾಟಲಿ, ಅದರ ಮುಚ್ಚಳ, ಟಿಶ್ಯೂ ಎಲ್ಲವೂ ಆ ಒಂದೇ ಸುರುಳಿಯೊಳಗೆ. ಮುಂದಿನ ಪಂಕ್ತಿ ಆಗಲೇ ಕುರ್ಚಿಯ ಹಿಂದೆ ನಿಂತಿರುವಾಗ ಬೇರ್ಪಡಿಸುವ ಪುರುಸೊತ್ತು ಅವನಿಗೆಲ್ಲಿ? ಎಂಜಲೆಲೆ ಬೇರೆಯಾಗಿ ಬಿದ್ದರೆ ದನಕ್ಕಾಗುತ್ತಿತ್ತು, ಇಲ್ಲವೇ ಗೊಬ್ಬರವಾಗುತ್ತಿತ್ತು. ಸುರುಳಿಯಾಗಿ ಬಿದ್ದದ್ದು ಯಾವುದಕ್ಕೂ ಆಗುವುದಿಲ್ಲ. ಅನ್ನದ ಆಸೆಗೆ ಬಾಯಿ ಹಾಕಿದ ದನಕ್ಕೆ ಮುಚ್ಚಳ, ಲೇಬಲ್ಲೂ ಹೊಟ್ಟೆಗೆ ಹೋಗುತ್ತದೆ. ಅಕ್ಷರ ಬರೆದ ಕಾಗದ ಕಾಲಿಗೆ ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಮ್ಮವರು. ಹಳೆಯ ಲಗ್ನಪತ್ರಿಕೆಯನ್ನು ಅದರ ಮೇಲೆ ಗಣಪತಿ ಇದ್ದಾನೆಂದು ಎಸೆಯಲಾರದೆ ಮಾಡದಲ್ಲಿ ಕಟ್ಟಿಡುವ ಮನೆಗಳು ಪ್ರತಿ ಊರಲ್ಲೂ ಇವೆ. ಅದೇ ಜನ ಮದುಮಕ್ಕಳ ಹೆಸರನ್ನು ಅಕ್ಷರಶಃ ಎಂಜಲು ಕೈಗೆ ಕೊಟ್ಟು, ನಲ್ಲಿಯ ಕೆಳಗಿನ ಕೆಸರಿನಲ್ಲಿ ನೂರಾರು ಚಪ್ಪಲಿಗಳು ತುಳಿಯುವಂತೆ ಬಿಡುವುದು ವಿಚಿತ್ರ. ಶಕುನ ನಂಬದವರಿಗೂ ಇದು ಚೆಂದದ ನೋಟವಲ್ಲ.

ಇನ್ನು ಶಾಯಿಯ ಮಾತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಾವಳಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಆಹಾರವನ್ನು ಸುದ್ದಿಪತ್ರಿಕೆಯಂಥ ಕಾಗದದಲ್ಲಿ ಸುತ್ತಬಾರದು, ಪೊಟ್ಟಣದ ಮುದ್ರಿತ ಬದಿ ಆಹಾರಕ್ಕೆ ನೇರವಾಗಿ ತಾಗಬಾರದು, ಬಳಸುವ ಶಾಯಿ ಐಎಸ್ 15495 ಎಂಬ ಮಾನದಂಡಕ್ಕೆ ಒಪ್ಪಬೇಕು. ಟಿಶ್ಯೂ ಪೊಟ್ಟಣವಲ್ಲ, ಆ ನಿಯಮ ಅದಕ್ಕೆಂದು ಬರೆದದ್ದಲ್ಲ ಎಂದು ಯಾರಾದರೂ ವಾದಿಸಿದರೆ ಒಪ್ಪುತ್ತೇನೆ. ಆದರೆ ಮದುವೆ ಮನೆಯಲ್ಲಿ ಟಿಶ್ಯೂ ಬರೀ ಟಿಶ್ಯೂ ಆಗಿ ಉಳಿಯುವುದಿಲ್ಲ. ಎರಡನೇ ಲಾಡು ತಿನ್ನಲಾರದವರು ಅದನ್ನು ಟಿಶ್ಯೂವಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಉಳಿದ ಮೊಮ್ಮಗನಿಗೆ ಅಜ್ಜಿ ಹೋಳಿಗೆ ಕಟ್ಟಿಕೊಳ್ಳುವುದೂ ಅದರಲ್ಲೇ. ತುಪ್ಪ, ಎಣ್ಣೆ ತಾಗಿದ ಕಾಗದದ ಶಾಯಿ ತಿಂಡಿಗೆ ಇಳಿಯುವುದು ಸುಲಭ. ಬಜ್ಜಿಯನ್ನು ಪೇಪರಿನಲ್ಲಿ ಕಟ್ಟಬೇಡಿ ಎಂದು ಪ್ರಾಧಿಕಾರ ಮತ್ತೆ ಮತ್ತೆ ಹೇಳುತ್ತಿರುವುದು ಇದೇ ಕಾರಣಕ್ಕೆ. ಗಾಢ ಕೆಂಪು, ಮರೂನ್ ಬಣ್ಣದ ಅಗ್ಗದ ಟಿಶ್ಯೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒದ್ದೆ ಕೈಗೆ ಬಣ್ಣ ಬಿಡುತ್ತದೆ, ಕೈಯಿಂದ ಬಿಳಿ ಪಂಚೆಗೆ ದಾಟುತ್ತದೆ. ಬಿಳಿಯ, ಏನೂ ಅಚ್ಚಾಗದ ಟಿಶ್ಯೂವಿಗೆ ಈ ತಾಪತ್ರಯ ಯಾವುದೂ ಇಲ್ಲ.

ದುಡ್ಡಿನ ವಿಷಯದಲ್ಲಿ ದರಕ್ಕಿಂತ ಮುಖ್ಯವಾದದ್ದು ಉಳಿಕೆ. ಮುದ್ರಣದವರು ಹತ್ತಿಪ್ಪತ್ತು ಪ್ರತಿ ಮಾಡಿಕೊಡುವುದಿಲ್ಲ; ಇಂತಿಷ್ಟಕ್ಕಿಂತ ಕಡಿಮೆ ಆದರೆ ಅವರಿಗೆ ಗಿಟ್ಟುವುದಿಲ್ಲ. ನಮ್ಮ ಕಡೆಯ ಮದುವೆಗೆ ಎಷ್ಟು ಜನ ಬರುತ್ತಾರೆಂದು ಮನೆಯ ಯಜಮಾನನಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ಪತ್ರಿಕೆಯ ಮೇಲೆ ‘ಸಕುಟುಂಬ ಸಪರಿವಾರ ಸಮೇತ’ ಎಂದು ಬರೆದ ಮೇಲೆ ಲೆಕ್ಕ ಎಲ್ಲಿಂದ ಸಿಗಬೇಕು? ಕಡಿಮೆ ಬೀಳಬಾರದೆಂದು ಹೆಚ್ಚೇ ಹೇಳುತ್ತಾರೆ. ಖಾಲಿ ಟಿಶ್ಯೂ ಕಟ್ಟು ಉಳಿದರೆ ಅಡುಗೆಯವರು ಮುಂದಿನ ಮದುವೆಗೆ ಒಯ್ಯುತ್ತಾರೆ, ಅಂಗಡಿಯವರು ಬಿಚ್ಚದ ಕಟ್ಟನ್ನು ವಾಪಸು ತೆಗೆದುಕೊಳ್ಳುವುದೂ ಉಂಟು. ಹೆಸರು ಬಿದ್ದ ಕಟ್ಟನ್ನು ಯಾರೂ ಮುಟ್ಟುವುದಿಲ್ಲ. ಹೊಸ ದಂಪತಿ ವರ್ಷವಿಡೀ ತಮ್ಮದೇ ಹೆಸರಿನಲ್ಲಿ ಅಡುಗೆಮನೆ ಕಟ್ಟೆ ಒರೆಸಬೇಕು.

ಈಗ ಮುಯ್ಯಿ ಪಾತ್ರೆಗೆ ಬರುತ್ತೇನೆ, ಏಕೆಂದರೆ ಹೆಸರಿನ ಮರ್ಮ ಅಲ್ಲಿದೆ. ಅಡುಗೆಮನೆಯ ಸ್ಟ್ಯಾಂಡಿನಿಂದ ಹಳೆಯ ಸ್ಟೀಲ್ ತಟ್ಟೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದರೆ ಅಂಚಿನ ಹತ್ತಿರ ಚುಕ್ಕಿ ಚುಕ್ಕಿಯಾಗಿ ಅಕ್ಷರಗಳು ಕಾಣುತ್ತವೆ. ಇಂಥವರ ಮದುವೆಗೆ ಇಂಥ ಊರಿನ ಇಂಥವರಿಂದ, ಕೆಳಗೆ ತಾರೀಖು. ಹಿತ್ತಾಳೆಯ ಕಾಲದಲ್ಲಿ ಸಣ್ಣ ಉಳಿ, ಸುತ್ತಿಗೆಯಲ್ಲಿ ಹೊಡೆದದ್ದು. ಸ್ಟೀಲ್ ಬಂದ ಮೇಲೆ ಕರೆಂಟಿನ ಪೆನ್ನಿನಲ್ಲಿ ಗುರ್ ಎಂದು ಬರೆದದ್ದು. ಮೂವತ್ತು ವರ್ಷ ಬೂದಿ, ಸಬೀನಾ, ತೆಂಗಿನ ನಾರಿನಲ್ಲಿ ಉಜ್ಜಿದರೂ ಅದು ಅಳಿಸಿರುವುದಿಲ್ಲ. ಆ ಹೆಸರು ಅಲಂಕಾರಕ್ಕೆ ಹಾಕಿದ್ದಲ್ಲ. ಅವರ ಮನೆಯ ಮದುವೆಗೆ ನಾವು ಏನು ಮುಯ್ಯಿ ಹಿಂದಿರುಗಿಸಬೇಕು ಎಂಬ ನೆನಪು ಅದರಲ್ಲಿತ್ತು. ಕೊಟ್ಟವರು ಸತ್ತ ಮೇಲೂ ಅವರ ತಟ್ಟೆಯಲ್ಲಿ ಮಕ್ಕಳು ಉಣ್ಣುತ್ತಿದ್ದರು. ಗಮನಿಸಬೇಕಾದದ್ದು ಹೆಸರಿನ ದಾರಿ. ಅಲ್ಲಿ ಅತಿಥಿಯ ಹೆಸರು ಮದುಮಕ್ಕಳ ಮನೆಗೆ ಬರುತ್ತಿತ್ತು. ಈಗಿನ ಬಾಟಲಿ, ಟಿಶ್ಯೂ, ಚೀಲಗಳಲ್ಲಿ ಮದುಮಕ್ಕಳ ಹೆಸರು ಅತಿಥಿಯ ಕೈಗೆ ಹೋಗುತ್ತದೆ. ಇದು ತಪ್ಪೆಂದಲ್ಲ, ಆದರೆ ಪಡೆದವರಿಗೆ ಆ ಹೆಸರಿನಿಂದ ಏನು ಪ್ರಯೋಜನ ಎಂದು ಕೇಳಿಕೊಳ್ಳಲೇಬೇಕು. ದಂಪತಿಗೆ ಎಷ್ಟು ಸ್ವಂತವೋ ಅತಿಥಿಗೆ ಅದು ಅಷ್ಟೇ ಪರಕೀಯ. ಇನ್ನೊಬ್ಬರ ಫೋಟೊ, ಹೆಸರು, ಮುಹೂರ್ತದ ವೇಳೆ ತುಂಬ ಮುದ್ರಿಸಿದ ಬಟ್ಟೆಯಲ್ಲಿ ಯಾರೂ ಸಂತೋಷದಿಂದ ಮುಖ ಒರೆಸಿಕೊಳ್ಳಲಾರರು. ಮೂಲೆಯಲ್ಲಿ ಸಣ್ಣದಾಗಿ ಎಂದು ಮೊದಲೇ ಹೇಳಿದ್ದು ಇದಕ್ಕೆ. ಒಂದೇ ಬಣ್ಣದಲ್ಲಿ, ಎರಡು ಹೆಸರಷ್ಟೇ ಇರಲಿ. ಆ ಹೆಸರು ಕನ್ನಡದಲ್ಲೇ ಇದ್ದರೆ ಊರಿನ ಅಜ್ಜಿಯೂ ಓದಿಯಾಳು. ಹೊಳಲ್ಕೆರೆಯ ಹಳ್ಳಿಯ ಮದುವೆಗೆ ಬಳುಕುವ ಇಂಗ್ಲಿಷ್ ಅಕ್ಷರ ಯಾರಿಗಾಗಿಯೋ ತಿಳಿಯದು.

ಹಾಗಾದರೆ ಯಾವುದರ ಮೇಲೆ ಹಾಕಿಸಬೇಕು? ತಾಂಬೂಲದ ಚೀಲವೇ ಇದಕ್ಕೆ ತಕ್ಕ ಜಾಗ. ಚಿತ್ರದುರ್ಗ ಜಿಲ್ಲೆಯ ಮಟ್ಟಿಗಂತೂ ಆ ಚೀಲದೊಳಗಿನದೆಲ್ಲ ನಮ್ಮದೇ ನೆಲದ್ದಾಗಿರಬಹುದು. ತೆಂಗಿನಕಾಯಿಗೆ ಹೊಸದುರ್ಗ, ಹೊಳಲ್ಕೆರೆಯ ತೋಟಗಳಿವೆ. ಅಡಿಕೆಗೆ ಭೀಮಸಮುದ್ರದ ವ್ಯಾಪಾರ ಹೆಸರಾದದ್ದು. ವಾಣಿವಿಲಾಸ ಸಾಗರದ ಕೆಳಗಿನ ಹಿರಿಯೂರು ಸೀಮೆಯಲ್ಲೂ ತೆಂಗು, ಅಡಿಕೆ, ಬಾಳೆ ಇವೆ. ಒಳಗಿನದು ಇಷ್ಟು ಸ್ಥಳೀಯವಾಗಿರುವಾಗ ಹೊರಗಿನ ಚೀಲ ಮಾತ್ರ ಎಲ್ಲಿಂದಲೋ ಬಂದ, ಬಟ್ಟೆಯಂತೆ ಕಾಣುವ, ಬಟ್ಟೆಯಲ್ಲದ ಚೀಲ. ನಾನ್‌ವೋವನ್ ಎಂದು ಕರೆಯುವ ಆ ಚೀಲ ಬಹುಪಾಲು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಅನುಮಾನವಿದ್ದವರು ಒಂದು ಎಳೆ ಕಿತ್ತು ಬೆಂಕಿ ತಾಗಿಸಿ ನೋಡಲಿ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ, ಇದು ಕರಗಿ ಗುಂಡಗಾಗುತ್ತದೆ. ಕೇಂದ್ರದ 2021ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ತಿದ್ದುಪಡಿ ಈ ಚೀಲಗಳನ್ನೂ ಪ್ಲಾಸ್ಟಿಕ್ ಎಂದೇ ಎಣಿಸಿ, ಚದರ ಮೀಟರಿಗೆ 60 ಗ್ರಾಮಿಗಿಂತ ತೆಳುವಾದುದನ್ನು ನಿಷೇಧಿಸಿತು. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲೇ ಹೊರಡಿಸಿದ ಅಧಿಸೂಚನೆಯಂತೂ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚದ ಜೊತೆಗೆ ಊಟದ ಟೇಬಲ್ಲಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಹೆಸರಿಸಿ ನಿಷೇಧಕ್ಕೆ ಸೇರಿಸಿತ್ತು. ಕಾನೂನು ಮಾಡಿದವರು ನಮ್ಮ ಮದುವೆ ಊಟಕ್ಕೆ ಬಂದಿದ್ದವರೇ ಇರಬೇಕು. ಪಾಲನೆ ಹೇಗಿದೆ ಎಂಬುದು ಈ ಸೀಸನ್ನಿನ ಯಾವ ಛತ್ರಕ್ಕೆ ಹೋದರೂ ಕಣ್ಣಿಗೆ ಬೀಳುತ್ತದೆ.

ಚೀಲ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬಟ್ಟೆ ಅಂಗಡಿಯವರು ಕೊಟ್ಟ ಕೈಚೀಲ ಬಣ್ಣ ಮಾಸುವವರೆಗೂ ಸಂತೆಗೆ, ರೇಷನ್ನಿಗೆ, ಬಸ್ಸಿನ ಪ್ರಯಾಣಕ್ಕೆ ನಮ್ಮ ಜೊತೆ ಬರುತ್ತದೆ. ಅಂಗಡಿಯ ಹೆಸರು ಅದರ ಮೇಲಿದೆಯೆಂದು ಯಾರೂ ಮುಜುಗರಪಟ್ಟಿಲ್ಲ, ಏಕೆಂದರೆ ಚೀಲ ಗಟ್ಟಿಯಾಗಿದೆ, ಹಿಡಿ ಉದ್ದವಾಗಿದೆ. ಪಕ್ಕದ ತಮಿಳುನಾಡಿನಲ್ಲಿ ಮದುವೆ ತಾಂಬೂಲಕ್ಕೆ ಹಳದಿ ಬಟ್ಟೆಚೀಲ ಕೊಡುವುದು ಹಳೆಯ ರೂಢಿ. ಅದನ್ನೇ ಆಧಾರ ಮಾಡಿಕೊಂಡು ಅಲ್ಲಿನ ಸರ್ಕಾರ 2021ರ ಡಿಸೆಂಬರಿನಲ್ಲಿ ‘ಮೀಂಡುಂ ಮಂಜಪ್ಪೈ’ ಎಂಬ ಆಂದೋಲನ ಶುರುಮಾಡಿತು. ಜಪಾನಿನಲ್ಲಿ ತೆನುಗುಯಿ ಎಂಬ ತೆಳ್ಳನೆಯ ಹತ್ತಿ ಟವೆಲ್ಲಿಗೆ ಅಂಗಡಿಯ, ನಾಟಕದ ನಟರ ಹೆಸರನ್ನೋ ಗುರುತನ್ನೋ ಅಚ್ಚು ಹಾಕಿ ಶುಭಸಂದರ್ಭಗಳಲ್ಲಿ ಹಂಚುವ ಪದ್ಧತಿ ಇದೆ. ಪಡೆದವರು ಕೈ ಒರೆಸುತ್ತಾರೆ, ತಲೆಗೆ ಕಟ್ಟುತ್ತಾರೆ, ಸಾಮಾನು ಸುತ್ತುತ್ತಾರೆ. ಹಳೆಯ ರೋಮಿನ ಅತಿಥಿಗಳಂತೂ ಔತಣಕ್ಕೆ ಹೋಗುವಾಗ ತಮ್ಮ ಒರೆಸುವ ಬಟ್ಟೆ ತಾವೇ ಒಯ್ದು, ಬರುವಾಗ ಉಳಿದ ತಿನಿಸನ್ನು ಅದರಲ್ಲೇ ಕಟ್ಟಿಕೊಂಡು ಬರುತ್ತಿದ್ದರಂತೆ. ನಮ್ಮ ವಲ್ಲಿಯೂ ಅದನ್ನೇ ಮಾಡುತ್ತಿತ್ತು. ಎಲ್ಲ ಕಡೆಯೂ ಒಂದೇ ಬುದ್ಧಿ ಕಾಣುತ್ತದೆ: ಬಟ್ಟೆ ಎಂದರೆ ಮನೆಗೆ ವಾಪಸು ಹೋಗುವ ವಸ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ, ಅದನ್ನು ತೇಲಿಸಿಬಿಡುವಂತಿಲ್ಲ. ಇದು ಬರದ ಜಿಲ್ಲೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ್ದು ಬಿಟ್ಟರೆ ಮತ್ತೆ ಕೋಡಿ ಬೀಳಲು 2022ರವರೆಗೆ, ಎಂಬತ್ತೊಂಬತ್ತು ವರ್ಷ, ಕಾಯಬೇಕಾಯಿತು. ಇಂಥ ಕಡೆ ಬಟ್ಟೆ ಕೊಡಿ, ಬಟ್ಟೆ ಒಗೆಯಿರಿ ಎನ್ನುವುದು ನ್ಯಾಯವೇ? ಹತ್ತಿಯೇನೂ ನಿಷ್ಪಾಪಿಯಲ್ಲ. ಒಂದು ಕೆ.ಜಿ. ಹತ್ತಿ ಬಟ್ಟೆಗೆ ಬೆಳೆಯಿಂದ ನೇಯ್ಗೆಯವರೆಗೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕೆಂಬುದು ನೀರಿನ ಹೆಜ್ಜೆಗುರುತಿನ ಅಧ್ಯಯನಗಳ ಲೆಕ್ಕ. ನೂರು ಗ್ರಾಮಿನ ಟವೆಲ್ ಎಂದರೆ ಒಂದು ಸಾವಿರ ಲೀಟರು. ಅಂಥ ಟವೆಲ್ಲನ್ನು ಊಟದ ಟೇಬಲ್ಲಿನ ಮೇಲೆ ಹೆಸರು ಹಾಕಿ ಇಟ್ಟು, ಜನ ಒಮ್ಮೆ ಒರೆಸಿ ಅಲ್ಲೇ ಬಿಟ್ಟು ಹೋದರೆ ಟಿಶ್ಯೂಗಿಂತ ಅದು ನೂರು ಪಾಲು ಕೆಟ್ಟ ಕೆಲಸ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಕೈಚೀಲಗಳನ್ನು ತೂಗಿ ನೋಡಿದಾಗ, ಹವಾಮಾನದ ಲೆಕ್ಕವೊಂದನ್ನೇ ಹಿಡಿದರೆ ಹತ್ತಿಯ ಚೀಲ ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಅದನ್ನು ಕನಿಷ್ಠ 52 ಬಾರಿ ಬಳಸಬೇಕು ಎಂದು ಬಂತು. ಇತರ ಎಲ್ಲ ಪರಿಣಾಮಗಳನ್ನೂ ಸೇರಿಸಿದರೆ ಅದು ಸಾವಿರಗಳನ್ನು ದಾಟಿತು. ಸಾವಿರದ ಮಾತು ಬಿಡಿ, 52 ಎಂದರೆ ವಾರಕ್ಕೊಂದು ಸಂತೆಯಂತೆ ಸರಿಯಾಗಿ ಒಂದು ವರ್ಷ. ಗಟ್ಟಿ ಹೊಲಿಗೆಯ ಚೀಲಕ್ಕೆ ನಮ್ಮ ಹಳ್ಳಿಗಳಲ್ಲಿ ಅದು ಹೆಚ್ಚಿನ ಆಯಸ್ಸೇನಲ್ಲ. ಆದರೆ ಒಂದೇ ತಿಂಗಳಿಗೆ ಹಿಡಿ ಕಿತ್ತು ಬರುವ ಅಗ್ಗದ ಚೀಲಕ್ಕೆ ಅದು ದೂರದ ಮಾತು. ಹೀಗಾಗಿ ಬಟ್ಟೆ ಎಂದ ಮಾತ್ರಕ್ಕೆ ಒಳ್ಳೆಯದಲ್ಲ. ಬಾಳಿದರೆ ಮಾತ್ರ ಒಳ್ಳೆಯದು. ಮನೆಗೊಂದು ಚೀಲ ಸಾಕು, ತಲೆಗೊಂದು ಬೇಡ.

ಒಗೆಯುವ ನೀರಿನ ಭಯ ಮಾತ್ರ ಅಷ್ಟು ದೊಡ್ಡದಲ್ಲ. ಅತಿಥಿಯ ಮನೆಯ ಚೀಲವೋ ಟವೆಲ್ಲೋ ಅವರ ಬಟ್ಟೆಯ ಜೊತೆಗೇ ಒಗೆತಕ್ಕೆ ಬೀಳುತ್ತದೆ. ಛತ್ರದಲ್ಲಿ ನಿಜವಾಗಿ ನೀರು ಹೋಗುವುದು ತಿರುಗಿಸಿ ಬಿಟ್ಟ ನಲ್ಲಿಯಲ್ಲಿ. ತಲೆಗೆ ಒಂದು ಲೀಟರಿನಂತೆ ಹಿಡಿದರೂ 1,000 ಜನರ ಕೈ ತೊಳೆಯಲು 1,000 ಲೀಟರ್ ಬೇಕು. ಒತ್ತಿದರಷ್ಟೇ ನೀರು ಬರುವ ನಲ್ಲಿ ಹಾಕಿಸಿದ ಛತ್ರದವರು ಟಿಶ್ಯೂವಿನ ಮೇಲೆ ಭಾಷಣ ಮಾಡುವ ನಮ್ಮಂಥವರಿಗಿಂತ ಹೆಚ್ಚು ಉಪಕಾರ ಮಾಡಿದ್ದಾರೆ. ಶುಚಿತ್ವದ ಪ್ರಶ್ನೆಯೂ ಬರುತ್ತದೆ. ನಲ್ಲಿಯ ಪಕ್ಕ ಒಂದೇ ಟವೆಲ್ ನೇತುಹಾಕಿ ಎಲ್ಲರೂ ಒರೆಸಿಕೊಳ್ಳಿ ಎನ್ನುವ ಕಾಲ ಕೋವಿಡ್‌ಗೆ ಮುಂಚೆಯೇ ಮುಗಿದಿತ್ತು, ಮುಗಿದದ್ದೂ ಒಳ್ಳೆಯದೇ. ಅದಕ್ಕೇ ನಲ್ಲಿಯ ಹತ್ತಿರ ಬಿಳಿ ಟಿಶ್ಯೂ ಇರಲಿ, ಪಕ್ಕದಲ್ಲಿ ಅದಕ್ಕೇ ಮೀಸಲಾದ ಬುಟ್ಟಿ ಇರಲಿ ಎನ್ನುತ್ತೇನೆ. ಪ್ಲಾಸ್ಟಿಕ್ ಬೆರೆಯದಿದ್ದರೆ, ಬಣ್ಣ ಇಲ್ಲದಿದ್ದರೆ, ಆ ಕಾಗದ ಎಂಜಲೆಲೆಯ ಜೊತೆ ಗೊಬ್ಬರದ ಗುಂಡಿಗೇ ಹೋಗಬಹುದು.

ಇನ್ನು ‘ನಮ್ಮ ದುಡ್ಡು, ನಮ್ಮ ಮನೆಯ ಮದುವೆ, ಜೀವನಕ್ಕೊಮ್ಮೆ ಬರುವ ಸಂಭ್ರಮ, ನಿಮಗೇನು ಕಷ್ಟ’ ಎನ್ನುವ ಮಾತು. ಸಂಭ್ರಮದ ಬಗ್ಗೆ ನನಗೆ ತಕರಾರಿಲ್ಲ. ಮದುವೆಯನ್ನು ಪಾಠಶಾಲೆ ಮಾಡುವ ಉತ್ಸಾಹಿಗಳನ್ನು ಕಂಡರೆ ನನಗೂ ದಿಗಿಲು. ಆದರೆ ನಮ್ಮ ಸೀಮೆಯಲ್ಲಿ ಮದುವೆ ಎಂದೂ ಒಂದು ಮನೆಯದಷ್ಟೇ ಆಗಿಲ್ಲ. ಒಬ್ಬರ ಮದುವೆಯಲ್ಲಿ ಕಂಡದ್ದು ಮುಂದಿನ ಮನೆಯ ಮದುವೆಗೆ ಕಡ್ಡಾಯವಾಗುತ್ತದೆ. ಹೆಸರಿನ ಬಾಟಲಿ ಹೀಗೇ ಬಂತು. ಇಂದು ಬಾಟಲಿ ಇಡದಿದ್ದರೆ ಬೀಗರು ಏನಂದುಕೊಳ್ಳುತ್ತಾರೋ ಎಂದು ಸಾಲ ಮಾಡಿದ ತಂದೆಯೂ ಹೆದರುತ್ತಾನೆ. ಟಿಶ್ಯೂ ಚಿಕ್ಕದಿರಬಹುದು, ಆ ಹೆದರಿಕೆ ಚಿಕ್ಕದಲ್ಲ. ಇದಕ್ಕೆ ಎದುರಾಗಿ ಇದೇ ಜಿಲ್ಲೆಯಲ್ಲಿ ಬೇರೆ ಮಾದರಿಯೂ ಬಾಳಿದೆ. ಚಿತ್ರದುರ್ಗದ ಮುರುಘಾಮಠದಲ್ಲಿ ಪ್ರತಿ ತಿಂಗಳ 5ರಂದು ಸಾಮೂಹಿಕ ವಿವಾಹ ನಡೆಸುವ ಪದ್ಧತಿ ಬಹುಕಾಲದಿಂದ ಬಂದಿದೆ. ಒಂದೇ ಚಪ್ಪರದಲ್ಲಿ ಹಲವು ಜೋಡಿಗಳಿಗೆ ಲಗ್ನವಾಗುವಾಗ ಯಾರ ಹೆಸರನ್ನು ಯಾವ ಲೋಟಕ್ಕೆ ಅಂಟಿಸುವುದು? ಅಲ್ಲಿ ಮದುವೆಯಾದವರ ಸಂಸಾರ ಅದಕ್ಕಾಗಿ ಸೊರಗಿದ್ದನ್ನು ಯಾರೂ ಕೇಳಿಲ್ಲ. ಎಲ್ಲರೂ ಸಾಮೂಹಿಕ ವಿವಾಹಕ್ಕೇ ಹೋಗಿ ಎನ್ನುವುದು ನನ್ನ ವಾದವಲ್ಲ. ಮುದ್ರಿತ ಹೆಸರಿಲ್ಲದೆಯೂ ಮದುವೆ ತುಂಬಿಕೊಂಡೇ ಇರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಸಣ್ಣ ಮುದ್ರಣದವರ ಹೊಟ್ಟೆಪಾಡು ಏನಾಗಬೇಕು ಎಂಬುದು ಮರುಕದಿಂದ ಕೇಳುವ ಪ್ರಶ್ನೆ, ಅದಕ್ಕೆ ಉತ್ತರವೂ ಇದೆ. ವಾಟ್ಸಾಪ್ ಕರೆಯೋಲೆ ಬಂದ ಮೇಲೆ ಅವರ ಲಗ್ನಪತ್ರಿಕೆಯ ಕೆಲಸ ಇಳಿದಿರುವುದು ನಿಜ. ಆದರೆ ಹೆಸರಿನ ಟಿಶ್ಯೂ, ಬಾಟಲಿ ಲೇಬಲ್ಲುಗಳ ಆರ್ಡರು ಎಷ್ಟೋ ವೇಳೆ ಊರಿನ ಅಂಗಡಿಯಲ್ಲಿ ಹೇಳಿದರೂ ಕೆಲಸ ನಡೆಯುವುದು ಬೆಂಗಳೂರಿನಲ್ಲೋ ಶಿವಕಾಶಿಯಲ್ಲೋ. ಬಟ್ಟೆಯ ಚೀಲದ ಮೂಲೆಗೆ ಎರಡು ಹೆಸರು ಹಾಕಲು ದೊಡ್ಡ ಯಂತ್ರ ಬೇಡ. ಮರದ ಚೌಕಟ್ಟಿಗೆ ಬಿಗಿದ ಒಂದು ಸ್ಕ್ರೀನು, ಶಾಯಿ ಎಳೆಯುವ ರಬ್ಬರ್ ಪಟ್ಟಿ, ಒಣಗಿಸಲು ನೆರಳಿನ ಜಾಗ ಇದ್ದರೆ ತಾಲ್ಲೂಕು ಕೇಂದ್ರದಲ್ಲೇ ಆಗುವ ಕೆಲಸ ಅದು. ಹೊಲಿಗೆ ಯಂತ್ರ ಇಟ್ಟುಕೊಂಡ ಹೆಂಗಸರು, ಸ್ತ್ರೀಶಕ್ತಿ ಸಂಘಗಳು ಹೋಬಳಿ ಹೋಬಳಿಯಲ್ಲೂ ಇವೆ. ಬಟ್ಟೆಗೆ ಖಾದಿ ಭಂಡಾರವೋ, ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಯೋ ಇದೆ. ಇನ್ನೂ ಅಗ್ಗಕ್ಕೆ ಸೊಲ್ಲಾಪುರದ ಟವೆಲ್ಲು ಎಲ್ಲ ಪೇಟೆಯಲ್ಲೂ ಸಿಗುತ್ತದೆ. ಮೊಳಕಾಲ್ಮೂರು ರೇಷ್ಮೆಗೂ ಚಳ್ಳಕೆರೆಯ ಕಂಬಳಿಗೂ ಹೆಸರಾದ ಜಿಲ್ಲೆ ತನ್ನ ಮದುವೆಗೆ ಕೊಡುವ ಬಟ್ಟೆಯನ್ನು ಪ್ಲಾಸ್ಟಿಕ್ ನಾರಿನಲ್ಲಿ ಮಾಡಿಸಿಕೊಳ್ಳುವುದು ನಾಚಿಕೆಯ ಸಂಗತಿ ಎಂದೇ ನಾನು ಹೇಳುತ್ತೇನೆ.

ಆಷಾಢ ಕಳೆದು ಲಗ್ನಗಳು ಶುರುವಾಗುವ ಮುನ್ನ ಛತ್ರ ಹಿಡಿಯಲು ಓಡಾಡುತ್ತಿರುವವರಿಗೆ ಒಂದೆರಡು ಮಾತು. ಅಡುಗೆಯವರ ಜೊತೆ ಮಾತಾಡುವಾಗ ಟಿಶ್ಯೂ ಬಿಳಿಯದೇ ಬೇಕು, ಎಲೆಯ ಪಕ್ಕ ಬೇಡ, ನಲ್ಲಿಯ ಹತ್ತಿರ ಇಡಿ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ರೂಢಿಯಂತೆಯೇ ಮಾಡುತ್ತಾರೆ. ಪೇಪರ್ ರೋಲ್ ಸುತ್ತುವ ಹುಡುಗನಿಗೆ ಬಾಟಲಿ ಮೊದಲು ಎತ್ತಿಕೊಳ್ಳಲು ಇನ್ನೊಬ್ಬ ಜೊತೆಗಾರನನ್ನು ಕೊಡಿ. ಬಟ್ಟೆಚೀಲ ಮಾಡಿಸುವುದಾದರೆ ಮದುವೆಗೆ ಕನಿಷ್ಠ ಒಂದೂವರೆ ತಿಂಗಳು ಮುಂಚೆ ಹೊಲಿಯುವವರಿಗೆ ತಿಳಿಸಬೇಕು, ಬಟ್ಟೆಯನ್ನು ಒಮ್ಮೆ ನೀರಿಗೆ ಹಾಕಿ ಒಣಗಿಸಿದ ಮೇಲೆ ಕತ್ತರಿಸಲು ಹೇಳಬೇಕು, ಹಿಡಿಗೆ ಎರಡು ಸಾಲು ಹೊಲಿಗೆ ಹಾಕಿಸಬೇಕು. ಸೀಸನ್ ಶುರುವಾದ ಮೇಲೆ ಹೋದರೆ ಅವರ ಹತ್ತಿರ ಸಮಯ ಇರುವುದಿಲ್ಲ.